ಇಪ್ಪತ್ತು ನಿಮಿಷದ ಕೋಳಿ-ಶಾವಿಗೆ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಲು ಬಂದ ತರುಣ ತರುಣಿಯರು ಓಣಿ ಓಣಿಗಳಲ್ಲಿ ಕೋಣೆ ಹಿಡಿದು ಇರುವರು. ರಾತ್ರಿ ಪಾಠ ಮುಗಿಸಿ ದಣಿದು ಬಂದವರು ಒಂದಿಷ್ಟು ಶಾವಿಗೆಗೆ ಒಗ್ಗರಣೆ ಕೊಟ್ಟು ಉಂಡು ಮಲಗುವದುಂಟು. ಹೊಟ್ಟೆಯೇನೋ ತುಂಬುವದು; ಆದರೆ ಸಸಾರಜನಕದ, ಅಂದರೆ ಪ್ರೋಟೀನಿನ, ಲೆಕ್ಕ ತುಂಬಲಾರದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಗೊತ್ತುಪಡಿಸಿದಂತೆ 65 ಕಿಲೋಗ್ರಾಂ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ, 55 ಕಿಲೋಗ್ರಾಂ ತೂಕದ ಹೆಂಗಸಿಗೆ ಸುಮಾರು 46 ಗ್ರಾಂ ಸಸಾರಜನಕ ಬೇಕು. ನೂರು ಗ್ರಾಂ ಒಣ ಶಾವಿಗೆಯಲ್ಲಿ ಅದು ಸುಮಾರು 12 ಗ್ರಾಂ ಮಾತ್ರ ಇರುವದು. ಅದರಲ್ಲಿಯೂ ಲೈಸಿನ್ ಎಂಬ ಅಮೈನೋ ಆಮ್ಲದ ಕೊರತೆಯುಂಟು. ಕೋಳಿಯ ಎದೆಯ ಮಾಂಸದಲ್ಲಿ ಲೈಸಿನ್ ಹೇರಳ. ನೂರು ಗ್ರಾಂ ಹಸಿಮಾಂಸಕ್ಕೆ ಸುಮಾರು 22 ಗ್ರಾಂ ಸಸಾರಜನಕ. ಎರಡನ್ನೂ ಕೂಡಿಸಿದರೆ ಒಂದೇ ಊಟದಲ್ಲಿ 34 ಗ್ರಾಂ ದೊರೆಯಿತು. ಕೋಳಿ ಒಲ್ಲದವರಿಗೆ ಬೇಯಿಸಿದ ಹೆಸರುಕಾಳು ಇದೇ ಕೊರತೆಯನ್ನು ನೀಗುವದು.

ಇಟಲಿಯವರ ಪಾಸ್ತಾ ನಮಗೆ ತೀರ ಹೊರಗಿನದಲ್ಲ. ಅದಕ್ಕೆ ಬಳಸುವ ಡ್ಯೂರಮ್ ಗೋದಿಯೂ ನಮ್ಮ ಜವೆಗೋದಿಯೂ ಹತ್ತಿರದ ಬಂಧುಗಳು. ಎರಡರಲ್ಲಿಯೂ 28 ವರ್ಣತಂತುಗಳು, ಸಾಮಾನ್ಯ ಗೋದಿಯಲ್ಲಿಯಾದರೋ 42. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಜವೆಗೋದಿಯಲ್ಲಿ ಡಿ.ಡಿ.ಕೆ. 1025, 1029 ಮೊದಲಾದ ತಳಿಗಳನ್ನು ಬೆಳೆಸಿದೆ. ಕಣಕ ನಾದುವಾಗ ಗೋದಿಯ ಸಸಾರಜನಕವು ಬಲೆಯಂತೆ ಹೆಣೆದುಕೊಂಡು ಪಿಷ್ಟದ ಕಣಗಳನ್ನು ಹಿಡಿದಿಡುತ್ತದೆ. ಬಲೆ ದುರ್ಬಲವಾದರೆ ಪಿಷ್ಟ ನೀರಿಗಿಳಿದು ಪಾತ್ರೆಯ ತುಂಬ ಅಂಬಲಿಯಾದೀತು.

ಅಡಿಗೆ ಬೇಗನಾಗುವದರ ಗುಟ್ಟು ಉರಿಯಲ್ಲಿಲ್ಲ, ದಪ್ಪದಲ್ಲಿದೆ. ನೀರು ಎಳೆಯ ನಡುವಿಗೆ ಇಳಿಯಲು ಬೇಕಾದ ಕಾಲವು ಸುಮಾರಾಗಿ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುವದು. ಎಳೆ ಇಮ್ಮಡಿ ದಪ್ಪವಾದರೆ ಕಾಲ ನಾಲ್ಕು ಮಡಿ! ಆದ್ದರಿಂದಲೇ ಸಣ್ಣೆಳೆಯ ಶಾವಿಗೆ ಮೂರು ನಾಲ್ಕು ನಿಮಿಷಗಳಲ್ಲಿ ಬೆಂದರೆ ದಪ್ಪ ಪಾಸ್ತಾಕ್ಕೆ ಹತ್ತು ನಿಮಿಷ ಹಿಡಿಯುವದು. ಮಾಂಸದೊಳಗೆ ಶಾಖ ಇಳಿಯುವದೂ ಇದೇ ಲೆಕ್ಕದಲ್ಲಿ. ಕೋಳಿಯನ್ನು ಒಂದು ಸೆಂಟಿಮೀಟರಿನ ತುಂಡುಗಳಾಗಿ ಹೆಚ್ಚಿಕೊಂಡರೆ ಅರ್ಧ ಕೆಲಸ ಚಾಕುವಿನಿಂದಲೇ ಆದಂತೆ.

ಇಲ್ಲಿ ಒಂದು ಇಕ್ಕಟ್ಟಿದೆ. ಸುಮಾರು 65 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ಮಾಂಸದ ನಾರುಗಳು ಬಿಗಿದು ರಸವನ್ನು ಹಿಂಡಿ ಹೊರಹಾಕುವವು. ಆದರೆ ರೋಗಾಣುಗಳು ಸಾಯಬೇಕಾದರೆ ತುಂಡಿನ ನಡುಭಾಗ 74 ಡಿಗ್ರಿ ಮುಟ್ಟಬೇಕು. ಮುಟ್ಟಿದೊಡನೆ ಇಳಿಸುವದೇ ಜಾಣತನ. ಗಟ್ಟಿಯಾದೀತೆಂದು ಹೆದರಿ ಇನ್ನಷ್ಟು ಕುದಿಸುವವರನ್ನು ನಾವು ಕಂಡಿದ್ದೇವೆ. ತೊಡೆಯ ಮಾಂಸಕ್ಕೆ ಅದು ಒಪ್ಪೀತು, ಏಕೆಂದರೆ ಅದರ ಬಂಧಕ ನಾರು ದೀರ್ಘ ಶಾಖದಲ್ಲಿ ಕರಗುವದು. ಎದೆಯ ಮಾಂಸದಲ್ಲಿ ಅಂಥ ನಾರು ಕಡಿಮೆ. ಕುದಿಸಿದಷ್ಟೂ ಅದು ಒಣಗುವದು.

ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯಬಾರದು. ಸಿಡಿಯುವ ಹನಿಗಳೊಡನೆ ರೋಗಾಣುಗಳೂ ಹರಡುವವು. ತುಂಡುಗಳಿಗೆ ಉಪ್ಪು, ಅರಿಷಿಣ, ಖಾರ ಹಚ್ಚಿ, ಚೆನ್ನಾಗಿ ಕಾಯ್ದ ಎಣ್ಣೆಯಲ್ಲಿ ಒತ್ತೊತ್ತಾಗಿಸದೆ ಹರಡಿ ಐದಾರು ನಿಮಿಷ ಹುರಿಯಬೇಕು. ಒಂದನ್ನು ಸೀಳಿ ನೋಡಿ, ನಸುಗೆಂಪು ಉಳಿದಿದ್ದರೆ ಮತ್ತೊಂದು ನಿಮಿಷ. ಅಷ್ಟರಲ್ಲಿ ಬೇರೆ ಪಾತ್ರೆಯ ಕುದಿನೀರಿನಲ್ಲಿ ಶಾವಿಗೆ ಬೇಯುವದು. ಬಸಿದ ನೀರನ್ನೆಲ್ಲ ಚೆಲ್ಲದೆ ಅರ್ಧ ಬಟ್ಟಲು ಉಳಿಸಿಕೊಂಡು ಕೋಳಿಗೆ ಬೆರೆಸಿದರೆ, ಅದರಲ್ಲಿರುವ ಪಿಷ್ಟವು ಮಸಾಲೆಯನ್ನು ಎಳೆಗಳಿಗೆ ಅಂಟಿಸುವದು.

ಪೊಟ್ಟಣದ ಪಾಸ್ತಾ ತಂದವರು ಅದರ ಮೇಲೆ ಅಚ್ಚಾದ ಕಾಲಕ್ಕೆ ಒಂದು ನಿಮಿಷ ಕೂಡಿಸಿಕೊಳ್ಳಲಿ. ಧಾರವಾಡವು ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿರುವದರಿಂದ ಇಲ್ಲಿ ನೀರು 97-98 ಡಿಗ್ರಿಗೇ ಕುದಿಯುವದು.