ಉಸಿರಾಡುತ್ತಿದೆ, ಓಗೊಡುತ್ತಿಲ್ಲ!

ಪರೀಕ್ಷೆಯ ಫಲಿತಾಂಶದ ದಿನ. ನೋಂದಣಿ ಸಂಖ್ಯೆ ಒತ್ತಿ ಮಗ ಕುಳಿತಿದ್ದಾನೆ, ಬೆನ್ನ ಹಿಂದೆ ಅಪ್ಪ, ಅಮ್ಮ. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇದೆ. ‘ಸರ್ವರ್ ಬಿದ್ದುಹೋಗಿದೆ’ ಎಂದು ಎಲ್ಲರೂ ಬೈಯುತ್ತಾರೆ. ಎಷ್ಟೋ ಸಲ ಅದು ಬಿದ್ದಿರುವುದೇ ಇಲ್ಲ. ಉಸಿರಾಡುತ್ತಲೇ ಇರುತ್ತದೆ, ಕರೆದರೆ ಓಗೊಡುವುದಿಲ್ಲ, ಅಷ್ಟೆ. ಕೆಟ್ಟು ನಿಂತ ಯಂತ್ರಕ್ಕಿಂತ ಹೀಗೆ ಮಾತು ಬಿಟ್ಟ ಯಂತ್ರವೇ ಹೆಚ್ಚಿನ ತಲೆನೋವು.

ಸರ್ವರ್ ಎಂಬ ಕಂಪ್ಯೂಟರಿನೊಳಗೆ ತೆರೆಮರೆಯಲ್ಲಿ ದುಡಿಯುವ ಹಲವಾರು ಪ್ರೋಗ್ರಾಮುಗಳಿರುತ್ತವೆ. ಒಂದು ಪುಟ ಕಳಿಸುತ್ತದೆ, ಇನ್ನೊಂದು ಅಂಕಪಟ್ಟಿ ಹುಡುಕಿಕೊಡುತ್ತದೆ. ಇವಕ್ಕೆ ‘ಡೀಮನ್’ ಎಂದು ಹೆಸರು. ಹೆಸರಿಟ್ಟವರು 1963ರಲ್ಲಿ ಅಮೆರಿಕದ ಎಂ.ಐ.ಟಿ.ಯ ‘ಪ್ರಾಜೆಕ್ಟ್ ಮ್ಯಾಕ್’ ತಂಡದವರು. ಬಿಡುವಿಲ್ಲದೆ ಅಣುಗಳನ್ನು ವಿಂಗಡಿಸುತ್ತಾ ಕೂರುವ ಭೂತವೊಂದನ್ನು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿಕೊಂಡಿದ್ದನಲ್ಲ, ಅದೇ ಇವರಿಗೆ ಸ್ಫೂರ್ತಿ.

ಡೀಮನ್ ಸತ್ತರೆ ಪತ್ತೆ ಸುಲಭ. ಅದನ್ನು ಹುಟ್ಟುಹಾಕಿದ ಪ್ರೋಗ್ರಾಮಿಗೆ ಕಾರ್ಯಾಚರಣ ವ್ಯವಸ್ಥೆಯೇ ಸುದ್ದಿ ಮುಟ್ಟಿಸುತ್ತದೆ. ಆದರೆ ಸ್ತಬ್ಧವಾದರೆ? ಪಟ್ಟಿ ತೆಗೆದು ನೋಡಿದರೆ ‘ಇದೆ’ ಎಂದೇ ಕಾಣುತ್ತದೆ. ಬಾವಿಕಟ್ಟೆಯಲ್ಲಿ ಒಬ್ಬನ ಕೈಯಲ್ಲಿ ಹಗ್ಗ, ಇನ್ನೊಬ್ಬನ ಕೈಯಲ್ಲಿ ಕೊಡ. ‘ಮೊದಲು ನೀನು ಕೊಡು’ ಎಂದು ಇಬ್ಬರೂ ನಿಂತರೆ ಸಂಜೆಯಾದರೂ ನೀರು ಮೇಲೆ ಬಾರದು. ಎರಡು ಪ್ರೋಗ್ರಾಮುಗಳ ನಡುವೆಯೂ ಹೀಗೇ ಆಗುವುದುಂಟು.

ಇದಕ್ಕೆ ಉಪಾಯ ‘ವಾಚ್‌ಡಾಗ್’, ಅಂದರೆ ಕಾವಲುನಾಯಿ. ಇದು ಕಳ್ಳನಿಗೆ ಬೊಗಳುವ ನಾಯಿಯಲ್ಲ. ಡೀಮನ್ ಗೊತ್ತಾದ ಅವಧಿಯೊಳಗೆ ಇದಕ್ಕೊಂದು ತುತ್ತು ಹಾಕುತ್ತಿರಬೇಕು. ತಪ್ಪಿದರೆ ಡೀಮನ್ನನ್ನೇ ಕಚ್ಚುತ್ತದೆ! 2010ರಲ್ಲಿ ಬಂದು ಈಗ ಬಹುಪಾಲು ಲಿನಕ್ಸ್ ಸರ್ವರುಗಳಲ್ಲಿರುವ ‘ಸಿಸ್ಟಮ್‌ಡಿ’ಯಲ್ಲಿ ಈ ಸೌಲಭ್ಯವಿದೆ. ಅವಧಿ 30 ಸೆಕೆಂಡು ಎಂದಿಟ್ಟರೆ ಡೀಮನ್ ಸುಮಾರು 15 ಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂದು ಹೇಳುವುದು ವಾಡಿಕೆ. ಹೇಳದಿದ್ದರೆ ಅದನ್ನು ಕೊನೆಗಾಣಿಸಲಾಗುತ್ತದೆ. ಹಾಗೆಂದು ಸೂಚನೆ ಕೊಟ್ಟಿದ್ದರೆ ಹೊಸದಾಗಿ ಎಬ್ಬಿಸಲಾಗುತ್ತದೆ. ಎದ್ದೆದ್ದು ಬೀಳುವ ಡೀಮನ್ನಿಗೂ ಮಿತಿಯುಂಟು: ಬೇರೆ ಹೇಳದಿದ್ದರೆ, 10 ಸೆಕೆಂಡಿನಲ್ಲಿ 5 ಸಲ ಎಬ್ಬಿಸಿದ ಮೇಲೆ ಸಿಸ್ಟಮ್‌ಡಿ ಕೈಚೆಲ್ಲುತ್ತದೆ.

ಇಲ್ಲೊಂದು ಮೋಸವಿದೆ. ಕೆಲಸ ಮಾಡುವ ಭಾಗ ಒಂದು, ‘ಇದ್ದೇನೆ’ ಎನ್ನುವ ಭಾಗ ಇನ್ನೊಂದು ಆಗಿಬಿಟ್ಟರೆ, ಕೆಲಸ ನಿಂತರೂ ತುತ್ತು ಬೀಳುತ್ತಲೇ ಇರುತ್ತದೆ. ಹಾಜರಿ ಕೂಗಿದಾಗ ‘ಯಸ್ ಸಾರ್’ ಎಂದ ಮಾತ್ರಕ್ಕೆ ಹುಡುಗ ಪಾಠ ಕೇಳುತ್ತಿದ್ದಾನೆಂದು ಯಾವ ಮೇಷ್ಟ್ರೂ ನಂಬುವುದಿಲ್ಲ. ಎಬ್ಬಿಸಿ ಪ್ರಶ್ನೆ ಕೇಳುತ್ತಾರೆ. ಆದ್ದರಿಂದ ಬಲ್ಲವರು ಹೊರಗಿನಿಂದಲೂ ಆಗಾಗ ಒಂದು ನಿಜವಾದ ಕೋರಿಕೆ ಕಳಿಸಿ, ಇಂತಿಷ್ಟು ಸೆಕೆಂಡಿನಲ್ಲಿ ಸರಿಯುತ್ತರ ಬಂತೇ ಎಂದು ನೋಡುತ್ತಾರೆ.

ಎಬ್ಬಿಸಿದರೆ ಸಾಕೆ? ರೋಗವೇನೆಂದು ತಿಳಿಯಬೇಡವೆ? ಇದೇ ಕಾವಲುನಾಯಿಯ ತತ್ವ ಮಂಗಳ ಗ್ರಹದಲ್ಲಿ ಪರೀಕ್ಷೆಗೊಳಗಾದ ಕಥೆಯನ್ನು ಕೇಳಿ.

ನಾಸಾದ ‘ಮಾರ್ಸ್ ಪಾಥ್‌ಫೈಂಡರ್’ ನೌಕೆ 1997ರ ಜುಲೈ 4ರಂದು ಅಲ್ಲಿ ಇಳಿಯಿತು. ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರ್ ತನ್ನಷ್ಟಕ್ಕೆ ಮರುಚಾಲನೆಗೊಳ್ಳತೊಡಗಿತು. ಪ್ರತಿ ಸಲವೂ ಆ ದಿನದ ಉಳಿದ ಕೆಲಸ ಮರುದಿನಕ್ಕೆ ಬೀಳುತ್ತಿತ್ತು. ಮಾಹಿತಿ ಸಾಗಣೆಯ ಪ್ರೋಗ್ರಾಮು ಸಮಯಕ್ಕೆ ಕೆಲಸ ಮುಗಿಸದಿದ್ದುದನ್ನು ಕಂಡು ಕಾವಲುನಾಯಿ ಕಚ್ಚುತ್ತಿತ್ತು. ಮುಗಿಸದಿದ್ದುದೇಕೆ? ಶಾಲೆಯನ್ನೇ ಊಹಿಸಿಕೊಳ್ಳಿ. ಕೊಠಡಿಯ ಬೀಗದ ಕೈ ಜವಾನನ ಬಳಿ. ಹೆಡ್‌ಮಾಸ್ಟರು ಬಾಗಿಲಲ್ಲಿ ಕಾಯುತ್ತಿದ್ದಾರೆ. ಅಷ್ಟರಲ್ಲಿ ಗುಮಾಸ್ತರು ಜವಾನನನ್ನು ಪಕ್ಕಕ್ಕೆ ನಿಲ್ಲಿಸಿ ತಮ್ಮ ಕೆಲಸ ಮಾಡಿಕೊಳ್ಳುತ್ತಿದ್ದಾರೆ. ಇಲ್ಲಿ ಜವಾನ ಹವಾಮಾನದ ಪ್ರೋಗ್ರಾಮು, ಹೆಡ್‌ಮಾಸ್ಟರು ಮಾಹಿತಿ ಸಾಗಣೆ. ನಡುವಿನ ದರ್ಜೆಯ ಕೆಲಸಗಳೇ ಗುಮಾಸ್ತರು.

ಉಡಾವಣೆಗೆ ಮುನ್ನವೂ ಈ ದೋಷ ಅಪರೂಪಕ್ಕೆ ಕಾಣಿಸಿಕೊಂಡಿತ್ತು. ಬೇಕೆಂದಾಗ ಮರುಕಳಿಸದೆ ಕಾರಣ ಸಿಕ್ಕಿರಲಿಲ್ಲ. ಈ ಬಾರಿ ಎಂಜಿನಿಯರುಗಳು ಭೂಮಿಯ ಮೇಲಿದ್ದ ಪ್ರತಿರೂಪದಲ್ಲಿ ಅದನ್ನು ಮರುಕಳಿಸಿಯೇ ತೀರಿದರು. ಬೀಗದ ಕೈ ಹಿಡಿದಿರುವಷ್ಟು ಹೊತ್ತು ಜವಾನನಿಗೂ ಹೆಡ್‌ಮಾಸ್ಟರ ದರ್ಜೆ ಸಿಗುವ ಏರ್ಪಾಡು ಆ ತಂತ್ರಾಂಶದಲ್ಲಿ ಮೊದಲೇ ಇತ್ತು, ಚಾಲೂ ಮಾಡಿರಲಿಲ್ಲ! ಅದನ್ನು ಚಾಲೂ ಮಾಡುವ ಪುಟ್ಟ ತಿದ್ದುಪಡಿಯನ್ನು ರೇಡಿಯೋ ಮೂಲಕ ಮಂಗಳಕ್ಕೆ ಕಳಿಸಿದರು. ಮರುಚಾಲನೆಯ ಕಾಟ ನಿಂತಿತು. ಒಂದು ತಿಂಗಳಿಗೆಂದು ಯೋಜಿಸಿದ್ದ ಆ ನೌಕೆ ಸೆಪ್ಟೆಂಬರ್ 27ರವರೆಗೂ ಭೂಮಿಯ ಕರೆಗೆ ಓಗೊಟ್ಟಿತು.