ದೇವರ ಜೋಡಿ ಟೂ ಬಿಟ್ಟವಳು

2021ರ ಮೇ ತಿಂಗಳು. ದೆಹಲಿಯಲ್ಲಿ ಆಕ್ಸಿಜನ್ ಸಿಲಿಂಡರಿಗಾಗಿ ಜನ ಊರೆಲ್ಲ ಅಲೆಯುತ್ತಿದ್ದ ದಿನಗಳು. ನಾನು ನೊಯ್ಡಾದ ಫ್ಲ್ಯಾಟಿನಲ್ಲಿ, ಅಪ್ಪ ಧಾರವಾಡದ ಆಸ್ಪತ್ರೆಯಲ್ಲಿ. ಐದು ವರ್ಷದ ಮಗಳು ದಿನಾ ರಾತ್ರಿ ಕೈಮುಗಿದು, 'ಯೇಸಪ್ಪಾ, ಅಜ್ಜಗ ಆರಾಮ ಮಾಡು' ಎನ್ನುತ್ತಿದ್ದಳು. ಹತ್ತನೇ ದಿನ ಅಪ್ಪ ತೀರಿಕೊಂಡರು. ಮಣ್ಣಿಗೂ ಹೋಗಲಾಗಲಿಲ್ಲ, ಫೋನಿನಲ್ಲೇ ನೋಡಿದೆ.

ಆ ರಾತ್ರಿ ಪ್ರಾರ್ಥನೆಗೆ ಕರೆದರೆ ಮಗಳು ಗೋಡೆಯ ಕಡೆ ತಿರುಗಿ ಮಲಗಿದಳು. 'ನಾ ಯೇಸಪ್ಪನ ಜೋಡಿ ಟೂ ಬಿಟ್ಟೀನಿ' ಎಂದಳು. ನಾನು ಒತ್ತಾಯ ಮಾಡಲಿಲ್ಲ. ಮೂರನೇ ದಿನ ತಾನೇ ಎದ್ದು ಕುಳಿತು, 'ನಾ ಅಷ್ಟು ಕೇಳಿದ್ರೂ ಯಾಕ ಆರಾಮ ಮಾಡ್ಲಿಲ್ಲ?' ಎಂದು ಜೋರಾಗಿಯೇ ಕೇಳಿ ಅತ್ತಳು. ಆಮೇಲೆ, 'ಇರ್ಲಿ, ಅಜ್ಜನ್ನ ಚೊಲೋ ನೋಡ್ಕೋ' ಎಂದು ಹೇಳಿ ನಿದ್ದೆಹೋದಳು.

ನನಗೆ ಹಾಗೆ ಕೇಳಲಾಗಲಿಲ್ಲ. ಆನ್‌ಲೈನ್ ಆರಾಧನೆಯಲ್ಲಿ ತಪ್ಪದೆ ಆಮೆನ್ ಎನ್ನುತ್ತಿದ್ದೆ. ಒಳಗೆ ಮಾತ್ರ ದೇವರೊಡನೆ ಮಾತು ಬಿಟ್ಟಿದ್ದೆ. ಸಿಸ್ಟಮ್ ಕೈಕೊಟ್ಟರೆ ಲಾಗ್ ತೆಗೆದು ಕಾರಣ ಹುಡುಕುವುದು ನನ್ನ ಕಸುಬು. ಇಲ್ಲಿ ನೋಡಲು ಯಾವ ಲಾಗೂ ಇರಲಿಲ್ಲ.

ನಮ್ಮದು ಬಾಸೆಲ್ ಮಿಷನ್ ಮೂಲದ ಮನೆತನ. 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ ತಲುಪಿದ ಮಿಷನ್ ಅದು. ಕನ್ನಡ ನಿಘಂಟಿನ ಕಿಟೆಲ್ ಅದರವರೇ. ಅಪ್ಪ ಸಂಜೆ ಕನ್ನಡ ಬೈಬಲ್ಲಿನ ಕೀರ್ತನೆಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಅವರು ಹೋದ ಮೇಲೆ ಅದೇ ಪುಸ್ತಕ ತೆರೆದೆ. ಅಲ್ಲಿ ಸ್ತುತಿಯ ಜೊತೆಗೆ ದೂರೂ ಧಾರಾಳವಾಗಿದೆ. ಶಿಲುಬೆಯ ಮೇಲೆ ಯೇಸು ಕೂಗಿದ ಪ್ರಶ್ನೆ 22ನೇ ಕೀರ್ತನೆಯ ಮೊದಲ ಮಾತೇ. ದಾಸರ ನಿಂದಾಸ್ತುತಿ ಕೇಳಿ ಬೆಳೆದ ಕನ್ನಡಿಗರಿಗೆ ಈ ಸಲಿಗೆ ಹೊಸದೂ ಅಲ್ಲ.

ಮಕ್ಕಳಂತಾಗಬೇಕೆಂದು ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ಹಾಗೆಂದರೆ ಬಾಯಿಮುಚ್ಚಿ ಒಪ್ಪಿಕೊಳ್ಳುವುದು ಎಂದುಕೊಂಡಿದ್ದೆ. ಆದರೆ ಬುದ್ಧಿಯಲ್ಲಿ ಮಕ್ಕಳಾಗಬೇಡಿ ಎಂದು ಪೌಲನೂ ಕೊರಿಂಥದವರಿಗೆ ಬರೆದಿದ್ದಾನೆ. ಎರಡೂ ಹೇಗೆ ಕೂಡುತ್ತವೆ ಎಂಬುದನ್ನು ಮಗಳು ತೋರಿಸಿದ್ದಳು. ಮಕ್ಕಳು ಸಿಟ್ಟಾಗುತ್ತಾರೆ, ಕಾರಣ ಕೇಳುತ್ತಾರೆ. ಆದರೆ ಕೇಳುವುದು ತಮ್ಮವರನ್ನೇ. ದೊಡ್ಡವನಾದ ನಾನು ಸಭ್ಯನಾಗಿ ದೂರ ನಿಂತಿದ್ದೆ.

ಚರ್ಚುಗಳು ಮತ್ತೆ ತೆರೆದ ಮೇಲೆ ಒಂದು ಭಾನುವಾರ ಮೆಟ್ರೊ ಹಿಡಿದು ಸೆಂಟ್ರಲ್ ಸೆಕ್ರೆಟೇರಿಯಟ್‌ನಲ್ಲಿ ಇಳಿದೆ. ರಾಷ್ಟ್ರಪತಿ ಭವನದ ಸಮೀಪ, ಹೆನ್ರಿ ಮೆಡ್ ವಿನ್ಯಾಸದ, 1931ರ ರಿಡೆಂಪ್ಷನ್ ಕೆಥೆಡ್ರಲ್ ಇದೆ. ಆರಾಧನೆ ಮುಗಿದು ಜನ ಕರಗಿದ ಮೇಲೆ ಹಿಂದಿನ ಬೆಂಚಿನಲ್ಲಿ ಕುಳಿತು, ಧಾರವಾಡದ ಕನ್ನಡದಲ್ಲೇ ಕೇಳಿದೆ: 'ಅಪ್ಪನ್ನ ಯಾಕ ಉಳಿಸ್ಲಿಲ್ಲ?' ಉತ್ತರ ಬರಲಿಲ್ಲ. ಆದರೆ ತಿಂಗಳುಗಳ ನಂತರ ಅಂದು ಅತ್ತೆ. ಆ ರಾತ್ರಿ ಮಗಳ ಪಕ್ಕ ಕುಳಿತು ನಾನೂ ಪ್ರಾರ್ಥಿಸಿದೆ.

ಈಗ ಅವಳ ಪ್ರಶ್ನೆಗಳು ಇನ್ನೂ ಕಠಿಣವಾಗಿವೆ. ಹಲವಕ್ಕೆ ನನ್ನಲ್ಲಿ ಉತ್ತರವಿಲ್ಲ. 'ಹಂಗೆಲ್ಲಾ ಕೇಳಬಾರ್ದು' ಎಂದು ಮಾತ್ರ ನಾನು ಹೇಳುವುದಿಲ್ಲ.