ನ್ಯೂ ಫೋಲ್ಡರ್‌ನಲ್ಲಿ ಕಳೆದುಹೋದ ಅಂಕಲ್

‘ಅಂಕಲ್‌ದು ಒಂದು ಇಪ್ಪತ್ತು ಫೋಟೊ ಹುಡುಕಿಕೊಡೋ, ಐದು ನಿಮಿಷದ ವಿಡಿಯೊ ಮಾಡಿಬಿಡೋಣ’ ಎಂದು ಸೀನಿಯರ್ ಹೇಳಿದಾಗ ಜೋರಾಗಿ ತಲೆಯಾಡಿಸಿದ್ದೆ. ನಮ್ಮ ವಿಭಾಗದ ಅಟೆಂಡರ್ ಅಂಕಲ್ ನಿವೃತ್ತಿಗೆ ಮೂರೇ ದಿನ ಉಳಿದಿತ್ತು. ಕಾಲೇಜಿನ ಫೋಟೊಗ್ರಫಿ ಕ್ಲಬ್‌ನ ಹಾರ್ಡ್ ಡಿಸ್ಕ್ ಇದ್ದದ್ದು ನನ್ನ ಹತ್ತಿರವೇ. ಆರು ವರ್ಷದ ಸುಮಾರು 40 ಸಾವಿರ ಫೋಟೊಗಳು. ಅಷ್ಟರಲ್ಲಿ ಇಪ್ಪತ್ತು ಸಿಗುವುದಿಲ್ಲವೇ?

ಹಾಸ್ಟೆಲ್ ರೂಮಿಗೆ ಬಂದು ಡಿಸ್ಕ್ ತೆರೆದೆ. ‘ಫೆಸ್ಟ್’, ‘ಫೆಸ್ಟ್ ಫೈನಲ್’, ‘ಫೆಸ್ಟ್ ಫೈನಲ್ ಒರಿಜಿನಲ್’, ‘ನ್ಯೂ ಫೋಲ್ಡರ್ 7’. ಒಳಗೆಲ್ಲಾ ಕ್ಯಾಮೆರಾ ಕೊಟ್ಟ ನಂಬರುಗಳೇ. ಸರ್ಚ್‌ನಲ್ಲಿ ಅಂಕಲ್ ಹೆಸರು ಟೈಪ್ ಮಾಡಿದೆ. ‘ನೋ ಐಟಮ್ಸ್ ಮ್ಯಾಚ್ ಯುವರ್ ಸರ್ಚ್’ ಎಂದಿತು.

ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಎರಡು ರಾತ್ರಿ ಒಂದೊಂದೇ ಫೋಟೊ ನೋಡಿದೆವು. ಮುಖ್ಯ ಅತಿಥಿಗಳ ಹಿಂದೆ ಕುರ್ಚಿ ಹೊತ್ತು ಹೋಗುತ್ತಿರುವ ಅಂಕಲ್. ಮೈಕ್ ವೈರ್ ಹಿಡಿದಿರುವ ಅರ್ಧ ಅಂಕಲ್. ದೀಪ ಬೆಳಗಿಸುವವರ ಪಕ್ಕ ಬೆಂಕಿಪೊಟ್ಟಣ ಹಿಡಿದು ನಿಂತ ಅಂಕಲ್. ಸಿಕ್ಕಿದ್ದು ನಾಲ್ಕೇ ನಾಲ್ಕು. ವಿಡಿಯೊದಲ್ಲಿ ಉಳಿದ ಜಾಗಕ್ಕೆ ಕಾಲೇಜು ಕಟ್ಟಡ ತುಂಬಿಸಿದೆವು. ಅದನ್ನು ನೋಡಿದ ಅಂಕಲ್, ‘ನಾನೂ ಇಲ್ಲಿದ್ದೆ ಅನ್ನೋಕೆ ಇಷ್ಟು ಸಾಕು ಬಿಡ್ರಪ್ಪಾ’ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ಯೋಚಿಸಿದೆ. ಫೋಲ್ಡರ್ ಎಂದರೆ ಮನೆಯ ಗಾಡ್ರೆಜ್ ಬೀರು ಇದ್ದಂತೆ. ಒಂದು ಸೀರೆ ಒಂದೇ ಅರೆಯಲ್ಲಿ ಇರಲು ಸಾಧ್ಯ. ‘ಎಥ್ನಿಕ್ ಡೇ’ ಫೋಲ್ಡರ್‌ಗೆ ಹೋದ ಫೋಟೊ ಅಲ್ಲಿಗೇ ಸೀಮಿತ. ಅದರಲ್ಲಿ ಆಡಿಟೋರಿಯಂ ಇದೆ, ಅಂಕಲ್ ಇದ್ದಾರೆ ಎಂಬುದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಮೂರು ಫೋಲ್ಡರ್‌ಗೂ ಕಾಪಿ ಮಾಡಿದರೆ ಡಿಸ್ಕ್ ತುಂಬುತ್ತದೆ. ಟ್ಯಾಗ್ ಹಾಕಿದರೆ ಫೋಟೊ ಇದ್ದಲ್ಲೇ ಇದ್ದು, ಮೂರು ಹೆಸರಲ್ಲಿ ಯಾವುದರಲ್ಲಿ ಹುಡುಕಿದರೂ ಸಿಗುತ್ತದೆ.

ದಿನಾಂಕ, ಸಮಯವನ್ನು ಕ್ಯಾಮೆರಾ ತಾನೇ ಫೈಲ್ ಒಳಗೆ ಬರೆಯುತ್ತದೆ. ಅದಕ್ಕೆ ‘ಎಕ್ಸಿಫ್’ ಎನ್ನುತ್ತಾರೆ. ಯಾರು, ಏನು, ಯಾವ ಸಂದರ್ಭ ಎಂಬುದನ್ನು ನಾವೇ ಬರೆಯಬೇಕು. ಪತ್ರಿಕಾ ಛಾಯಾಗ್ರಾಹಕರು ಇದಕ್ಕೆ ‘ಐಪಿಟಿಸಿ’ ಎಂಬ ಮಾದರಿಯನ್ನು ಬಹಳ ಹಿಂದಿನಿಂದಲೂ ಬಳಸುತ್ತಾರೆ. 2001ರಲ್ಲಿ ಅಡೋಬಿ ಕಂಪನಿ ‘ಎಕ್ಸ್‌ಎಂಪಿ’ ಎಂಬ ಇನ್ನೊಂದು ವಿಧಾನ ತಂದಿತು. ನಮಗೆ ಅಷ್ಟೆಲ್ಲ ಬೇಕಿಲ್ಲ. ವಿಂಡೋಸ್‌ನಲ್ಲಿ ಜೆಪೆಗ್ ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ತೆರೆದರೆ ‘ಟ್ಯಾಗ್ಸ್’ ಎಂಬ ಖಾಲಿ ಜಾಗ ಕಾಣುತ್ತದೆ. ಸಾವಿರಾರು ಫೋಟೊ ಇದ್ದರೆ ‘ಡಿಜಿಕ್ಯಾಮ್’ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಟ್ಯಾಗ್ ಅನ್ನು ಫೈಲ್ ಒಳಗೇ ಬರೆಯುವ ಆಯ್ಕೆ ಅದರ ಸೆಟ್ಟಿಂಗ್ಸ್‌ನಲ್ಲಿದೆ. ಅದನ್ನು ಆನ್ ಮಾಡಿಕೊಂಡರೆ ಫೋಟೊ ಬೇರೆ ಕಂಪ್ಯೂಟರ್‌ಗೆ ಹೋದರೂ ಟ್ಯಾಗ್ ಜತೆಗೇ ಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಥರ ಕಳಿಸಿದರೆ ಮಾತ್ರ ಈ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸುವುದೇ ಸರಿ.

ರಜೆಯಲ್ಲಿ ನಾಲ್ವರು ಕುಳಿತು ಕೆಲಸ ಶುರು ಮಾಡಿದೆವು. ಮೊದಲ ವಾರವೇ ಎಡವಟ್ಟು. ಒಬ್ಬ ‘ಗಣೇಶೋತ್ಸವ’ ಎಂದು ಹಾಕಿದ್ದ, ಇನ್ನೊಬ್ಬ ‘ಗಣಪತಿ’, ಮತ್ತೊಬ್ಬಳು ‘ಗಣೇಶ ಹಬ್ಬ’. ರಾಜ್ಯೋತ್ಸವಕ್ಕಂತೂ ಇಂಗ್ಲಿಷಿನಲ್ಲಿ ಮೂರು ಸ್ಪೆಲಿಂಗ್! ಒಂದನ್ನು ಹುಡುಕಿದರೆ ಉಳಿದವು ಬರುತ್ತಿರಲಿಲ್ಲ. ನಾಲ್ಕನೆಯವನು ಉತ್ಸಾಹದಲ್ಲಿ ‘ಆಕಾಶ’, ‘ಮರ’, ‘ಖುಷಿ’ ಎಂದೆಲ್ಲ ಹಾಕಿದ್ದ. ಖುಷಿ ಎಂದು ಹುಡುಕಿಕೊಂಡು ಯಾರು ಬರುತ್ತಾರೆ? ಅಷ್ಟೂ ಅಳಿಸಿ, ಒಂದು ಹಾಳೆಯಲ್ಲಿ 35 ಪದ ಬರೆದು ಗೋಡೆಗೆ ಅಂಟಿಸಿದೆವು. ಪ್ರತಿ ಫೋಟೊಗೂ ನಾಲ್ಕೇ ಪ್ರಶ್ನೆ: ಯಾರು, ಎಲ್ಲಿ, ಏನು ಮಾಡುತ್ತಿದ್ದಾರೆ, ಯಾವ ಕಾರ್ಯಕ್ರಮ? ಪಟ್ಟಿಯಲ್ಲಿಲ್ಲದ ಪದ ಬೇಕಾದರೆ ನಾಲ್ವರೂ ಒಪ್ಪಬೇಕು. ‘ನನ್ನ ಫೋಟೊ ಎಲ್ಲೂ ಹಾಕಬೇಡಿ’ ಎಂದವರಿಗಾಗಿ ‘ಹಂಚಬೇಡಿ’ ಎಂಬ ಟ್ಯಾಗ್ ಕೂಡ ಸೇರಿತು.

‘ಈ ಕೆಲಸ ಎಐ ಮಾಡಲ್ವಾ?’ ಎಂದು ಜೂನಿಯರ್‌ಗಳು ಕೇಳುತ್ತಾರೆ. ಒಂದೇ ಥರದ ಮುಖಗಳನ್ನು ಗುಂಪು ಮಾಡಿ ಕೊಡುತ್ತದೆ, ನಿಜ. ಆದರೆ ಆ ಮುಖ ಯಾರದ್ದು ಎಂದು ಒಮ್ಮೆಯಾದರೂ ನಾವೇ ಹೇಳಬೇಕು. ಕ್ಯಾಮೆರಾಗೆ ಬೆನ್ನು ಹಾಕಿ ಬೆಂಚು ಎಳೆಯುತ್ತಿರುವವರು ಯಾರು ಎಂಬುದು ಅವರನ್ನು ದಿನಾ ನೋಡಿದವರಿಗೇ ಗೊತ್ತು.

ಅರ್ಧ ಡಿಸ್ಕ್ ಮುಗಿಯುವಷ್ಟರಲ್ಲಿ ಅಂಕಲ್ ಹೆಸರಿನ ಟ್ಯಾಗ್ ಅಡಿಯಲ್ಲಿ 61 ಫೋಟೊ ಸೇರಿದ್ದವು. ಆ ಎರಡು ರಾತ್ರಿ ನಿದ್ದೆಗಣ್ಣಿನಲ್ಲಿ ನಾವೇ ದಾಟಿಸಿ ಹೋದ ಫೋಟೊಗಳವು. ಒಂದರಲ್ಲಿ ಅಂಕಲ್ ನಮ್ಮ ಕ್ಲಬ್‌ನ ಟ್ರೈಪಾಡ್ ಹಿಡಿದಿದ್ದಾರೆ. ಅವತ್ತು ಹಿಡಿದುಕೊಳ್ಳಿ ಎಂದು ಕೊಟ್ಟವನು ನಾನೇ.

ಸುದ್ದಿಸಂಸ್ಥೆ, ಜಾಹೀರಾತು ಕಂಪನಿಗಳಲ್ಲಿ ‘ಡಿಜಿಟಲ್ ಅಸೆಟ್ ಮ್ಯಾನೇಜ್‌ಮೆಂಟ್’ ಎಂಬ ಹೆಸರಿನಲ್ಲಿ ಇದೇ ಒಂದು ಉದ್ಯೋಗ ಎಂದು ಆಮೇಲೆ ತಿಳಿಯಿತು. ರೆಸ್ಯೂಮೆಯಲ್ಲಿ ಒಂದು ಸಾಲು ಹೆಚ್ಚಾಯಿತು, ಅದು ಬೋನಸ್. ಕಳೆದ ಭಾನುವಾರ ಪ್ರಿಂಟ್ ಹಾಕಿಸಿದ ಆಲ್ಬಂ ಹಿಡಿದು ಅಂಕಲ್ ಮನೆಗೆ ಹೋಗಿದ್ದೆವು. ಅವರು ಒಂದೊಂದೇ ಪುಟ ತಿರುವುತ್ತಾ, ಪಕ್ಕದಲ್ಲಿದ್ದ ಲ್ಯಾಬ್ ಆಯಾ, ಸೆಕ್ಯುರಿಟಿ, ಕ್ಯಾಂಟೀನ್ ಹುಡುಗ ಎಲ್ಲರ ಹೆಸರನ್ನೂ ಹೇಳಿದರು. ನಾನು ಮೊಬೈಲ್‌ನಲ್ಲಿ ಬರೆದುಕೊಳ್ಳುತ್ತಾ ಹೋದೆ. ಗೋಡೆಯ ಮೇಲಿನ ಪಟ್ಟಿ ಈಗ 44 ಆಗಿದೆ.